ತಲೆಗೆ ಪೆಟ್ಟಾಗಿ ಪ್ರಜ್ಞೆ ಮರಳದ ಕಾರ್ಮಿಕ: ಅರ್ಜಿಗೆ ಸಹಿ ಯಾರದ್ದು, ದುಡ್ಡು ಯಾರ ಕೈಗೆ?

ಸೆಂಟ್ರಿಂಗ್ ಸಂಘ
ಲೆಕ್ಕ ಸುಲಭವಾಗಲಿ ಅಂತ ಒಂದು ಕೇಸು ಇಟ್ಟುಕೊಳ್ಳೋಣ. ಬಾರ್ ಬೆಂಡಿಂಗ್ ಕೆಲಸಗಾರ, ವಯಸ್ಸು 30, ದಿನಕ್ಕೆ 900 ರೂಪಾಯಿ, ತಿಂಗಳಿಗೆ 26 ದಿನ, ಅಂದ್ರೆ 23,400. ಜೂನ್ 2025ರಲ್ಲಿ ಮೂರನೇ ಮಹಡಿಯಿಂದ ಬಿದ್ದು ತಲೆಗೆ ಪೆಟ್ಟು. ಜೀವ ಉಳಿದಿದೆ, ಆದರೆ ಮಾತಿಲ್ಲ, ಗುರುತಿಲ್ಲ, ಮೂಗಿನ ನಳಿಕೆಯಲ್ಲಿ ಊಟ. ಕಂಟ್ರಾಕ್ಟರ್ ಹೆಂಡತಿ ಕೈಗೆ 3 ಲಕ್ಷ ನಗದು ಕೊಟ್ಟು ಛಾಪಾ ಕಾಗದದಲ್ಲಿ "ಪೂರ್ತಿ ಪರಿಹಾರ ಮುಟ್ಟಿದೆ, ಮುಂದೆ ಯಾವ ತಕರಾರೂ ಇಲ್ಲ" ಅಂತ ಬರೆಸಿಕೊಂಡಿದ್ದಾನೆ. ಕೆಳಗೆ ಹೆಂಡತಿ ಸಹಿ, ಪಕ್ಕದಲ್ಲಿ ಗಂಡನ ಹೆಬ್ಬೆಟ್ಟು.

ಪ್ರಶ್ನೆ ಮೂರು. ಆ ಕಾಗದಕ್ಕೆ ಬೆಲೆ ಇದೆಯಾ? ಗಾರ್ಡಿಯನ್ ಸರ್ಟಿಫಿಕೇಟ್ ಇಲ್ಲದೆ ಕ್ಲೇಮ್ ಹಾಕಬಹುದಾ? ದುಡ್ಡು ಬಂದರೆ ಯಾರ ಖಾತೆಗೆ?

ಕೋರ್ಟ್‌ಹಾಲ್ 7
ಮೊದಲನೆಯದಕ್ಕೆ ಉತ್ತರ ನೌಕರರ ಪರಿಹಾರ ಕಾಯ್ದೆ, 1923ರ 8(1)ನೇ ಕಲಮಿನಲ್ಲೇ ಇದೆ. ಕಾನೂನಿನ ದೃಷ್ಟಿಯಲ್ಲಿ ಅಸಮರ್ಥನಾದ ವ್ಯಕ್ತಿಗೆ ಇಡಿಗಂಟಿನ ಪರಿಹಾರ ಕೊಡಬೇಕಾದರೆ ಆಯುಕ್ತರಲ್ಲಿ (ಈ ಕಾಯ್ದೆಯಡಿ ಪರಿಹಾರದ ಅರ್ಜಿ ತೀರ್ಮಾನಿಸುವವರು; ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು) ಠೇವಣಿ ಇಟ್ಟೇ ಕೊಡಬೇಕು. ಮಾಲೀಕ ನೇರವಾಗಿ ಕೊಟ್ಟಿದ್ದನ್ನು ಪರಿಹಾರ ಕೊಟ್ಟಂತೆ ಎಂದು ಪರಿಗಣಿಸುವುದಿಲ್ಲ. ಮನೆಯವರು ಒಪ್ಪಿದರು, ಊರ ಹಿರಿಯರು ಸಾಕ್ಷಿ ಹಾಕಿದರು ಅನ್ನೋದೆಲ್ಲ ಇಲ್ಲಿ ನಡೆಯಲ್ಲ. (ಇದೇ ಕಲಮಿನಲ್ಲಿ ಹೆಂಗಸರನ್ನೂ ಸೇರಿಸಿದ್ದಾರೆ. ಬುದ್ಧಿ ನೆಟ್ಟಗಿರುವ ಹೆಣ್ಣುಮಗಳಿಗೂ ಇಡಿಗಂಟು ಆಯುಕ್ತರ ಮೂಲಕವೇ. 1923ರವರ ಕಣ್ಣಿಗೆ ಲೋಕ ಹಾಗೆ ಕಂಡಿತ್ತು.)

ಇನ್ನು ರಾಜಿ ಪತ್ರ. 28ನೇ ಕಲಮಿನ ಪ್ರಕಾರ ಇಂಥ ಒಪ್ಪಂದ ಆದರೆ ಅದರ ಜ್ಞಾಪನಾ ಪತ್ರವನ್ನು ಮಾಲೀಕನೇ ಆಯುಕ್ತರಿಗೆ ಕಳಿಸಿ ನೋಂದಾಯಿಸಬೇಕು. ಮೊತ್ತ ಕಡಿಮೆ ಅನ್ನಿಸಿದರೆ, ಒತ್ತಡವೋ ಮೋಸವೋ ಕಂಡರೆ ಆಯುಕ್ತರು ನೋಂದಣಿ ನಿರಾಕರಿಸಬಹುದು. ನೋಂದಾಯಿಸದೇ ಬಿಟ್ಟರೆ 29ನೇ ಕಲಮು: ಮಾಲೀಕ ಪೂರ್ತಿ ಪರಿಹಾರಕ್ಕೆ ಹೊಣೆ, ಮತ್ತು ಆಯುಕ್ತರು ಬೇರೆ ಹೇಳದ ಹೊರತು, ಒಪ್ಪಂದದಲ್ಲಿ ಕೊಟ್ಟಿದ್ದರ ಅರ್ಧಕ್ಕಿಂತ ಹೆಚ್ಚು ಮುರಿದುಕೊಳ್ಳುವಂತಿಲ್ಲ. ನಿಮ್ಮ ಕೇಸಿನಲ್ಲಿ ಕಂಟ್ರಾಕ್ಟರ್ ಬಹಳ ಜಗ್ಗಾಡಿದರೆ 1.5 ಲಕ್ಷ ಕಳೆಯಿರಿ ಅನ್ನಬಹುದು. 8(1) ತೋರಿಸಿ ಅದನ್ನೂ ವಿರೋಧಿಸಬೇಕು. ಹಕ್ಕು ಬಿಟ್ಟುಕೊಟ್ಟೆ ಅನ್ನೋ ಸಾಲಿಗೆ 17ನೇ ಕಲಮೇ ಸಾಕು, ಅದು ಶೂನ್ಯ.

ಹುಬ್ಬಳ್ಳಿ ಕಡತ
ಆ ಹೆಬ್ಬಟ್ಟಿನ ಬಗ್ಗೆ ಒಂದ್ ಮಾತ್ರೀ. ಪ್ರಜ್ಞೆ ಇಲ್ಲದವನ ಬೆರಳು ಹಿಡಿದು ಒತ್ತಿಸಿದ್ದು ಮಾಲೀಕಗಷ್ಟ ಅಲ್ಲ, ನಮ್ಮ ಕಡೆಯವ್ರಿಗೂ ಮುಳ್ಳಾಗ್ತದ. ಎಷ್ಟೋ ಮಂದಿ ವಕಾಲತ್ತಿನ ಮ್ಯಾಲೂ ಹಂಗ ಒತ್ತಿಸ್ತಾರ. ಆಮ್ಯಾಲೆ ಮಾಲೀಕನ ಇನ್ಶೂರೆನ್ಸ್ ಕಂಪನಿ ವಕೀಲ ಡಿಸ್ಚಾರ್ಜ್ ಸಮ್ಮರಿ ಹಿಡಿದು ಕೇಳ್ತಾನ: "ಈ ತಾರೀಕಿಗೆ ರೋಗಿಗೆ ಪ್ರಜ್ಞೆ ಇರಲಿಲ್ಲ ಅಂತ ಬರದದ, ಅದೇ ತಾರೀಕಿಗೆ ವಕಾಲತ್ತಿಗೆ ಹೆಬ್ಬಟ್ಟು ಹೆಂಗ ಬಂತು?" ಒಂದೋ ಅರ್ಜಿ ಸುಳ್ಳು, ಇಲ್ಲಾ ಆಸ್ಪತ್ರೆ ಕಾಗದ ಸುಳ್ಳು. ಎರಡೂ ನಮಗ ನಷ್ಟ. ಬೆರಳು ಮುಟ್ಟಬ್ಯಾಡ್ರಿ. ಹೆಂಡತಿ ತನ್ನ ಹೆಸರಿನಾಗ, ಗಂಡನ ಪರವಾಗಿ ಅಂತ ಬರದು ಸಹಿ ಮಾಡ್ಲಿ.

ಸೆಂಟ್ರಿಂಗ್ ಸಂಘ
ಆದರೆ ಸರ್ಟಿಫಿಕೇಟ್? ಒಬ್ಬರು "ಮೊದಲು ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಿ ಆದೇಶ ತನ್ನಿ" ಅಂದರಂತೆ. ಇನ್ನೊಬ್ಬರು ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾಡಿಸಿ ಅಂದರಂತೆ.

ಕೋರ್ಟ್‌ಹಾಲ್ 7
ಎರಡೂ ತಪ್ಪು ದಾರಿ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಅಪ್ರಾಪ್ತ ಮಕ್ಕಳಿಗೆ ಮಾತ್ರ, 30 ವರ್ಷದವನಿಗಲ್ಲ. ಜಿಪಿಎ ಬರೆದುಕೊಡಲು ಬರೆಯುವವನಿಗೆ ಪ್ರಜ್ಞೆ ಬೇಕು. ಅಪಘಾತಕ್ಕೆ ಮುಂಚೆಯೇ ಬರೆದುಕೊಟ್ಟಿದ್ದರೂ, ಬರೆದವನ ಬುದ್ಧಿ ಸ್ವಸ್ಥವಾಗಿಲ್ಲದಾದಾಗ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ ಏಜೆನ್ಸಿ ಕೊನೆಗೊಳ್ಳುತ್ತದೆ.

ಇಲ್ಲಿ ಎರಡು ಬೇರೆ ಕೆಲಸಗಳನ್ನು ಜನ ಒಂದೇ ಅಂದುಕೊಂಡು ತಿಂಗಳುಗಟ್ಟಲೆ ಕಳೆಯುತ್ತಾರೆ. ಒಂದು, ಈ ಒಂದು ಕೇಸು ನಡೆಸೋದಕ್ಕೆ ಅವನ ಪರ ನಿಲ್ಲುವವರು. ಇನ್ನೊಂದು, ಅವನ ಎಲ್ಲ ಆಸ್ತಿ, ಖಾತೆ, ಸೈಟು ನೋಡಿಕೊಳ್ಳುವ ಪಾಲಕರು. ಪರಿಹಾರದ ಅರ್ಜಿಗೆ ಬೇಕಿರೋದು ಮೊದಲನೆಯದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶ, 15ನೇ ನಿಯಮದ ಮಾದರಿಯಲ್ಲಿ "ನೆಕ್ಸ್ಟ್ ಫ್ರೆಂಡ್" ಆಗಿ ಹೆಂಡತಿ ಅರ್ಜಿ ಹಾಕುತ್ತಾಳೆ. ಕೋರ್ಟು ವೈದ್ಯಕೀಯ ದಾಖಲೆ ನೋಡಿ, ಬೇಕಿದ್ದರೆ ವೈದ್ಯರನ್ನು ವಿಚಾರಿಸಿ, ಈತ ತನ್ನ ಹಿತ ಕಾಯ್ದುಕೊಳ್ಳಲು ಅಸಮರ್ಥ ಎಂದು ದಾಖಲಿಸಿ ಅನುಮತಿ ಕೊಡುತ್ತದೆ. ಅದಕ್ಕೆ ಮುಖ್ಯ ಅರ್ಜಿಯ ಜೊತೆ ಮಧ್ಯಂತರ ಅರ್ಜಿ, ಹೆಂಡತಿಯ ಪ್ರಮಾಣಪತ್ರ, "ನನ್ನ ಹಿತಕ್ಕೂ ಗಂಡನ ಹಿತಕ್ಕೂ ವಿರೋಧ ಇಲ್ಲ" ಅನ್ನೋ ಸಾಲು, ಚಿಕಿತ್ಸೆ ಕೊಡುವ ವೈದ್ಯರ ಪತ್ರ, ಮದುವೆ ಅಥವಾ ಕುಟುಂಬ ಸಂಬಂಧದ ದಾಖಲೆ ಇಷ್ಟು ಸಾಕು. ಅತ್ತೆ-ಮಾವ ಬದುಕಿದ್ದರೆ ಅವರ ನಿರಾಕ್ಷೇಪಣಾ ಪತ್ರವೂ ಇರಲಿ. ಕಾನೂನು ಕೇಳಲ್ಲ, ಆದರೆ ಜಗಳ ಶುರುವಾಗೋದು ಸಾಮಾನ್ಯವಾಗಿ ಚೆಕ್ಕು ಬರುವ ವಾರದಲ್ಲಿ.

ಇದನ್ನು ಕಾಯುತ್ತಾ ಕ್ಲೇಮ್ ನಿಲ್ಲಿಸಬೇಡಿ. 10ನೇ ಕಲಮಿನಲ್ಲಿ ಅವಧಿ 2 ವರ್ಷ. ತಡವಾದರೆ ಸಕಾರಣ ತೋರಿಸಿ ಮಾಫಿ ಕೇಳಬಹುದು, ರೋಗಿಯ ಸ್ಥಿತಿಯೇ ಒಳ್ಳೆಯ ಕಾರಣ. ಆದರೂ ಆ ವಾದ ಮಾಡುವ ಪ್ರಸಂಗ ಯಾಕೆ ತಂದುಕೊಳ್ಳಬೇಕು.

ವಾರ್ಡಿನ ಸಮಾಜ ಕಾರ್ಯಕರ್ತೆ
ಎರಡನೇ ರೀತಿಯ ಪಾಲಕತ್ವದ ಬಗ್ಗೆ ನಾನು ಸೇರಿಸ್ತೀನಿ, ಆಸ್ಪತ್ರೆಗಳಲ್ಲಿ ಇದರ ಬಗ್ಗೆ ತಪ್ಪು ಮಾಹಿತಿ ಜಾಸ್ತಿ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರಲ್ಲಿ ಬರುವ "ನಾಮನಿರ್ದೇಶಿತ ಪ್ರತಿನಿಧಿ" ಚಿಕಿತ್ಸೆಯ ವಿಷಯಕ್ಕೆ ಮಾತ್ರ. ಆ ಕಾಗದ ಹಿಡಿದು ಬ್ಯಾಂಕಿಗೆ ಹೋದರೆ ವಾಪಸ್ ಕಳಿಸ್ತಾರೆ, ಕಳಿಸೋದು ಸರಿ ಕೂಡ. 1987ರ ಹಳೇ ಕಾಯ್ದೆಯಲ್ಲಿ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸುವ ಅವಕಾಶ ಇತ್ತು, ಹೊಸದರಲ್ಲಿ ಅದು ಹೋಯಿತು.

ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999ರ ಸ್ಥಳೀಯ ಮಟ್ಟದ ಸಮಿತಿ ಡಿಸಿ ಕಚೇರಿಯಲ್ಲಿರುತ್ತೆ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯಕ್ಕೆ. ತಲೆಪೆಟ್ಟಿನವರು "ಬಹುವಿಧ"ದಲ್ಲಿ ಬಂದರೆ ಮಾತ್ರ ದಾರಿ ಇದೆ, ಪ್ರಮಾಣಪತ್ರದಲ್ಲಿ ಎರಡು ವೈಕಲ್ಯ ಬೇರೆಬೇರೆಯಾಗಿ ನಮೂದಾಗಿರಬೇಕು.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 14ನೇ ಕಲಮಿನಲ್ಲಿ ಸೀಮಿತ ಪಾಲಕರ ನೇಮಕ ಇದೆ. ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಅರ್ಜಿ. ಅಲ್ಲಿನ ಕಲ್ಪನೆ ಪಾಲಕ ಮತ್ತು ವ್ಯಕ್ತಿ ಇಬ್ಬರೂ ಸೇರಿ ನಿರ್ಧರಿಸೋದು. ಅರೆಬರೆ ಅರ್ಥ ಮಾಡಿಕೊಳ್ಳುವವರಿಗೆ ಇದು ಒಳ್ಳೆಯ ಅಂಗಿ, ಕೋಮಾದಲ್ಲಿರುವವರಿಗೆ ಅಳತೆ ಸರಿಹೋಗಲ್ಲ. ಅವರಿಗೆ ಉಳಿದಿರೋದು ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ. ಕೇರಳ ಹೈಕೋರ್ಟ್ 2019ರಲ್ಲಿ ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ಕೋಮಾ ರೋಗಿಗಳಿಗೆ ಪಾಲಕರನ್ನು ನೇಮಿಸಲು ಮಾರ್ಗಸೂಚಿ ಹಾಕಿಕೊಟ್ಟಿದೆ. ವೈದ್ಯಕೀಯ ಮಂಡಳಿಯ ವರದಿ, ಕಂದಾಯ ಅಧಿಕಾರಿಯ ವರದಿ, ಆಸ್ತಿ ವಿವರ ಎಲ್ಲ ಅದರಲ್ಲಿದೆ. ಬೇರೆ ಕಡೆಯೂ ಇದನ್ನು ತೋರಿಸಿ ಕೇಳಬಹುದು.

ಸೈಟು ಮಾರಬೇಕು, ಸಾಲ ತೀರಿಸಬೇಕು, ಪಿಎಫ್ ತೆಗೆಯಬೇಕು ಅಂತಿದ್ದರೆ ಇದು ಬೇಕು. ಪರಿಹಾರಕ್ಕೆ ಮಾತ್ರ ಆದರೆ ಕೋರ್ಟ್‌ಹಾಲ್ ಅವರು ಹೇಳಿದ್ದೇ ಸಾಕು.

ಹುಬ್ಬಳ್ಳಿ ಕಡತ
ಎಲ್ಲಕ್ಕಿಂತ ಮೊದಲ ಒಂದು ಪ್ರಶ್ನೆ ಕೇಳ್ರೀ: ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯ ಆಗ್ತದೋ ಇಲ್ಲೋ? ತಿಂಗಳ ಕೂಲಿ 21,000ದ ಒಳಗಿದ್ದು, ಆ ಸಂಸ್ಥೆಗೆ ಇಎಸ್‌ಐ ಅನ್ವಯ ಆಗಿದ್ರ, ಇಎಸ್‌ಐ ಕಾಯ್ದೆಯ 53ನೇ ಕಲಮು 1923ರ ಕಾಯ್ದೆ ಬಾಗಲಾ ಮುಚ್ಚತದ. "ಮಾಲೀಕ ಕಾರ್ಡೇ ಮಾಡಿಸಿಲ್ಲ, ಹಂಗಾಗಿ ಪರಿಹಾರ ಕಾಯ್ದೆನಾಗ ಹೋಗ್ತೀವಿ" ಅಂದ್ರ ನಡ್ಯಂಗಿಲ್ಲ. ವಂತಿಗೆ ಕಟ್ಟಿದವ ಅಷ್ಟ ಅಲ್ಲ, ಕಟ್ಟಬೇಕಾಗಿತ್ತು ಅನ್ನವನೂ ವಿಮಾದಾರನ. ಮಾಲೀಕ ತಪ್ಪಿಸಿದ್ರ 68ನೇ ಕಲಮಿನಾಗ ಇಎಸ್‌ಐ ನಿಗಮ ಸೌಲಭ್ಯ ಕೊಟ್ಟು ಮಾಲೀಕನ ಕಡೆಯಿಂದ ವಸೂಲಿ ಮಾಡ್ಕೋಬಹುದು. ಎರಡು ವರ್ಷ ತಪ್ಪು ಕೋರ್ಟಿನಾಗ ಓಡಾಡಿ ಕಡೀಕ ಅರ್ಜಿ ವಜಾ ಆಗೂದು ಇಲ್ಲೇ.

ಇಎಸ್‌ಐ ಆದ್ರ ಇಡಿಗಂಟಲ್ಲ, ಶಾಶ್ವತ ಪೂರ್ಣ ವೈಕಲ್ಯಕ್ಕ ಸರಾಸರಿ ದಿನಗೂಲಿಯ 90% ಲೆಕ್ಕದಾಗ ಜೀವ ಇರೂತನಾ ತಿಂಗಳಾ ತಿಂಗಳಾ ಬರ್ತದ. ಹಾಸಿಗಿ ಹಿಡಿದವರ ಪಾಲಿಗೆ ಎಷ್ಟೋ ಸಲ ಅದೇ ಚಲೋ, ಔಷಧನೂ ಅದರಾಗ ಬರ್ತದ. ನಿಮ್ಮ ಲೆಕ್ಕದಾಗ ಕೂಲಿ 23,400 ಇರೂದರಿಂದ ಹೊರಗ ಬಿದ್ದಾನ. ಆದರ ಹಾಜರಿ ಪುಸ್ತಕದಾಗ 18,000 ಅಂತ ಬರದಿದ್ರ ಇನ್ಶೂರೆನ್ಸ್‌ನವ್ರು ಅದನ್ನ ಹಿಡ್ಕೋತಾರ. ಕೂಲಿ ಸಾಕ್ಷಿ ಮೊದಲ ಗಟ್ಟಿ ಮಾಡ್ಕೋರಿ: ಬ್ಯಾಂಕ್ ಪಾಸ್‌ಬುಕ್, ಮೇಸ್ತ್ರಿ ಫೋನ್‌ಪೇ ಹಾಕಿದ್ದು, ಜೋಡಿ ಕೆಲಸಗಾರನ ಹೇಳಿಕೆ.

ಲೆಕ್ಕದ ಪುಟ್ಟಣ್ಣ
ಈಗ ಮೊತ್ತ. ಶಾಶ್ವತ ಪೂರ್ಣ ವೈಕಲ್ಯ ಅಂದರೆ ತಿಂಗಳ ಕೂಲಿಯ 60% ಗುಣಿಸು ವಯಸ್ಸಿನ ಅಂಶ. ಕೂಲಿ ಎಷ್ಟೇ ಇದ್ದರೂ 3 ಜನವರಿ 2020ರಿಂದ ಲೆಕ್ಕಕ್ಕೆ ಹಿಡಿಯುವ ಮಿತಿ 15,000. 30 ವರ್ಷಕ್ಕೆ ನಾಲ್ಕನೇ ಅನುಸೂಚಿಯ ಅಂಶ 207.98. ಹಾಗಾಗಿ 9,000 × 207.98 = 18,71,820 ರೂಪಾಯಿ.

ವಯಸ್ಸು ಹುಷಾರು. ತುರ್ತು ಚಿಕಿತ್ಸೆ ವಿಭಾಗದಲ್ಲಿ ಜೊತೆಗೆ ಬಂದವರು "ಸುಮಾರು 35" ಅಂದಿರ್ತಾರೆ, ಅದೇ ಎಂಎಲ್‌ಸಿಗೆ (ಪೊಲೀಸರಿಗಾಗಿ ಆಸ್ಪತ್ರೆ ಬರೆಯುವ ದಾಖಲೆ), ಅಲ್ಲಿಂದ ಎಫ್‌ಐಆರ್‌ಗೆ, ಅಲ್ಲಿಂದ ಅರ್ಜಿಗೆ ಇಳಿಯುತ್ತೆ. 35ಕ್ಕೆ ಅಂಶ 197.06. ವ್ಯತ್ಯಾಸ 98,280 ರೂಪಾಯಿ, ಯಾರೋ ಬಾಯಿಮಾತಿಗೆ ಹೇಳಿದ ಐದು ವರ್ಷಕ್ಕೆ. ಶಾಲೆಯ ಟಿಸಿ ಅಥವಾ ಜನನ ಪ್ರಮಾಣಪತ್ರ ಹುಡುಕಿ ಹಾಕಿ.

ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12% ಸರಳ ಬಡ್ಡಿ. ಈ ಮೊತ್ತಕ್ಕೆ ವರ್ಷಕ್ಕೆ 2,24,618. ಜೊತೆಗೆ ಸಮರ್ಥನೆ ಇಲ್ಲದ ವಿಳಂಬಕ್ಕೆ 50% ತನಕ ದಂಡ. ಅಸಲು ಮತ್ತು ಬಡ್ಡಿ ವಿಮಾ ಕಂಪನಿಯಿಂದ ಬರುತ್ತೆ, ದಂಡ ಮಾಲೀಕನ ಜೇಬಿನಿಂದ. ವೇದ ಪ್ರಕಾಶ್ ಗರ್ಗ್ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆದ್ದರಿಂದ ದಂಡಕ್ಕೆ ಮಾಲೀಕನಿಗೆ ಪ್ರತ್ಯೇಕ ಶೋಕಾಸ್ (ಕಾರಣ ಕೇಳುವ ನೋಟಿಸ್) ಹೋಗಿದೆಯಾ ಅಂತ ನೋಡಿಕೊಳ್ಳಿ. ಶೋಕಾಸ್ ಇಲ್ಲದ ದಂಡ ಮೇಲ್ಮನವಿಯಲ್ಲಿ ಉದುರುತ್ತೆ.

ಆಸ್ಪತ್ರೆಯ ನಿಜವಾದ ಖರ್ಚು ಬೇರೆ ಸಿಗುತ್ತೆ, 4(2ಎ) ಕಲಮಿನಲ್ಲಿ. ಕಂಟ್ರಾಕ್ಟರ್ ಆಸ್ಪತ್ರೆ ಬಿಲ್ ಕಟ್ಟಿದ್ದರೆ ಅದನ್ನು ಪರಿಹಾರದಲ್ಲಿ ಮುರಿಯುವಂತಿಲ್ಲ. ಆದರೆ ಈ ಕಾಯ್ದೆಯಲ್ಲಿ ಮುಂದೆ ನೋಡಿಕೊಳ್ಳುವ ಆಳಿನ ಖರ್ಚು, ನೋವು-ಸಂಕಟದ ಬಾಬ್ತು ಯಾವುದೂ ಇಲ್ಲ. ಪೂರ್ತಿ ಹಾಸಿಗೆ ಹಿಡಿದವರ ಮಟ್ಟಿಗೆ ಕಾಯ್ದೆಯ ದೊಡ್ಡ ಬಿರುಕು ಇದೇ ಅನ್ನೋದು ನನ್ನ ಅಭಿಪ್ರಾಯ.

ಕೋರ್ಟ್‌ಹಾಲ್ 7
ಅದಕ್ಕೇ, ಪೆಟ್ಟು ವಾಹನದಿಂದ ಆಗಿದ್ದರೆ, ಉದಾಹರಣೆಗೆ ಲಾರಿ ಕ್ಲೀನರ್, ಮೋಟಾರು ವಾಹನ ಕಾಯ್ದೆಯ 167ನೇ ಕಲಮಿನ ಆಯ್ಕೆ ಮೊದಲು ಯೋಚಿಸಿ. ಎರಡರಲ್ಲಿ ಒಂದು ಮಾತ್ರ. ಎಂಎಸಿಟಿಯಲ್ಲಿ (ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ) 15,000ದ ಮಿತಿ ಇಲ್ಲ, ಆರೈಕೆ ಖರ್ಚೂ ಸಿಗುತ್ತೆ. ಆದರೆ ಚಾಲಕನದೇ ತಪ್ಪಾಗಿದ್ದರೆ ಚಾಲಕನಿಗೆ ಪರಿಹಾರ ಕಾಯ್ದೆಯೇ ಆಸರೆ, ಇಲ್ಲಿ ಮಾಲೀಕನ ತಪ್ಪು ಸಾಬೀತು ಮಾಡಬೇಕಿಲ್ಲ. ಪ್ರಜ್ಞೆ ಇಲ್ಲದವನ ಪರವಾಗಿ ಆಯ್ಕೆ ಮಾಡುವವರು ಈ ಲೆಕ್ಕವನ್ನು ಅರ್ಜಿ ಹಾಕುವ ಮುಂಚೆ ಮಾಡಿರಬೇಕು, ಆಮೇಲೆ ತಿರುಗಿ ಬರೋದು ಕಷ್ಟ.

ವಾರ್ಡಿನ ಸಮಾಜ ಕಾರ್ಯಕರ್ತೆ
ವೈದ್ಯಕೀಯ ಸಾಕ್ಷ್ಯದಲ್ಲಿ ಎಡವೋದು ಎಲ್ಲಿ ಅಂದರೆ, ಮೊದಲನೇ ಅನುಸೂಚಿಯಲ್ಲಿ ಎರಡೂ ಕೈ ಹೋದರೆ, ಪೂರ್ತಿ ಕಿವುಡಾದರೆ ಅಂತೆಲ್ಲ ಪಟ್ಟಿ ಇದೆ, ಮೆದುಳಿನ ಪೆಟ್ಟು ಇಲ್ಲ. ಹಾಗಾಗಿ 2(1)(ಎಲ್)ನ ವ್ಯಾಖ್ಯೆಗೆ ಹೊಂದಿಸಬೇಕು: ಅಪಘಾತದ ವೇಳೆ ಮಾಡಬಲ್ಲವನಾಗಿದ್ದ ಎಲ್ಲ ಕೆಲಸಕ್ಕೂ ಈಗ ಅಸಮರ್ಥ. ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ಗುರುತಿನ ಚೀಟಿ) 60% ಅಂತ ಇದ್ದರೆ ವಿಮಾ ಕಂಪನಿ ಅದನ್ನೇ ಹಿಡಿದು 18,71,820ರ 60%, ಅಂದರೆ 11,23,092 ಸಾಕು ಅನ್ನುತ್ತೆ. ಕಾರ್ಡಿನ ಶೇಕಡಾ ದೇಹದ್ದು, ಕಾಯ್ದೆ ಕೇಳೋದು ದುಡಿಮೆ ಶಕ್ತಿಯದ್ದು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ (1976) ಎಡಗೈ ಕಳೆದುಕೊಂಡ ಬಡಗಿಗೆ ಸುಪ್ರೀಂ ಕೋರ್ಟ್ ಪೂರ್ತಿ ವೈಕಲ್ಯ ಎಂದೇ ಒಪ್ಪಿತು, ಒಂದೇ ಕೈಯಲ್ಲಿ ಬಡಗಿ ಕೆಲಸ ಆಗಲ್ಲ ಅನ್ನೋ ಕಾರಣಕ್ಕೆ.

ವೈದ್ಯರ ಪತ್ರದಲ್ಲಿ ಮೂರು ವಾಕ್ಯ ಬೇರೆಬೇರೆಯಾಗಿ ಇರಲಿ. ದೇಹದ ವೈಕಲ್ಯ ಇಷ್ಟು. ದುಡಿಮೆ ಶಕ್ತಿಯ ನಷ್ಟ 100%. ತನ್ನ ವ್ಯವಹಾರ ತಾನೇ ನೋಡಿಕೊಳ್ಳುವ, ಕೋರ್ಟಿನಲ್ಲಿ ಸೂಚನೆ ಕೊಡುವ ಸಾಮರ್ಥ್ಯ ಇಲ್ಲ. ಮೂರನೆಯದು ನೆಕ್ಸ್ಟ್ ಫ್ರೆಂಡ್ ಅರ್ಜಿಗೆ. ಎಡ ಮೆದುಳಿನ ಪೆಟ್ಟಿನಲ್ಲಿ ಮಾತು ಹೋಗಿ ತಿಳಿವಳಿಕೆ ಉಳಿದಿರುವ ರೋಗಿಗಳೂ ಇದ್ದಾರೆ. ಅಂಥವರನ್ನು ಅಸಮರ್ಥ ಎಂದು ಬರೆಸೋದು ಅನ್ಯಾಯ. ಸನ್ನೆಯಲ್ಲಿ ಹೌದು-ಇಲ್ಲ ಹೇಳಬಲ್ಲರಾ ಅಂತ ವಾಕ್ ತಜ್ಞರಿಂದ ಪರೀಕ್ಷೆ ಮಾಡಿಸಿ.

ಮಾಲೀಕ ತನ್ನ ವೈದ್ಯರಿಂದ ಉಚಿತ ತಪಾಸಣೆಗೆ ಕರೆದರೆ ನಿರಾಕರಿಸಬೇಡಿ, 11ನೇ ಕಲಮಿನಲ್ಲಿ ಹಕ್ಕು ಅಮಾನತಾಗುತ್ತೆ. ಸಾಗಿಸಲು ಆಗದಿದ್ದರೆ "ವೈದ್ಯರನ್ನೇ ಮನೆಗೆ ಕಳಿಸಿ" ಅಂತ ಲಿಖಿತವಾಗಿ ಉತ್ತರಿಸಿ.

ಸೆಂಟ್ರಿಂಗ್ ಸಂಘ
ಕೇಸು ಮುಗಿಯೋ ತನಕ ಮನೆ ನಡೆಯೋದು ಹೇಗೆ? ಮತ್ತೆ, ಇವರು ರಾಯಚೂರು ಕಡೆಯವರು, ಅಪಘಾತ ಬೆಂಗಳೂರಿನಲ್ಲಿ.

ಕೋರ್ಟ್‌ಹಾಲ್ 7
21ನೇ ಕಲಮು: ಅಪಘಾತ ನಡೆದಲ್ಲಿ, ಅಥವಾ ಕ್ಲೇಮ್ ಮಾಡುವವರು ವಾಸಿಸುವಲ್ಲಿ, ಅಥವಾ ಮಾಲೀಕನ ನೋಂದಾಯಿತ ಕಚೇರಿ ಇರುವಲ್ಲಿ. ರಾಯಚೂರಿನಲ್ಲೇ ಹಾಕಿ. ನಮ್ಮ ರಾಜ್ಯದಲ್ಲಿ ಈ ಅಧಿಕಾರ ಹಿರಿಯ ಸಿವಿಲ್ ನ್ಯಾಯಾಧೀಶರಿಗಿದೆ, ಕಾರ್ಮಿಕ ಕಚೇರಿಗೆ ಹೋಗಿ ಸಾಲಲ್ಲಿ ನಿಲ್ಲಬೇಕಿಲ್ಲ. ಕಾರ್ಮಿಕ, ಅಂಗವಿಕಲ, ಮಹಿಳೆ ಮೂವರಿಗೂ ಆದಾಯ ಮಿತಿ ಇಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಉಪಕಂಟ್ರಾಕ್ಟರ್ ಕೈ ಎತ್ತಿದರೆ 12ನೇ ಕಲಮಿನಡಿ ಮುಖ್ಯ ಮಾಲೀಕನನ್ನೂ ಎದುರುದಾರ ಮಾಡಿ.

ಮಧ್ಯಂತರಕ್ಕೆ ಎರಡು ದಾರಿ. 4ಎ(2): ಮಾಲೀಕ ಪೂರ್ತಿ ಒಪ್ಪದಿದ್ದರೂ ತಾನು ಒಪ್ಪುವಷ್ಟನ್ನು ತಾತ್ಕಾಲಿಕವಾಗಿ ಠೇವಣಿ ಇಡಲೇಬೇಕು. ಇನ್ನೊಂದು, ತಾತ್ಕಾಲಿಕ ವೈಕಲ್ಯದ ಅರ್ಧ ತಿಂಗಳ ಪಾವತಿ, ಕೂಲಿಯ 25%. 15,000ಕ್ಕೆ 3,750, ತಿಂಗಳಲ್ಲಿ ಎರಡು ಸಲ. ಇಂಥ ರೋಗಿಯ ಪಾವತಿಯನ್ನು ಅವಲಂಬಿತರಿಗೋ, ಅವನ ಕ್ಷೇಮ ನೋಡಿಕೊಳ್ಳಲು ತಕ್ಕವರೆಂದು ಕಂಡ ಬೇರೆ ಯಾರಿಗೋ ಕೊಡಿಸುವ ಅಧಿಕಾರ 8(7)ರಲ್ಲಿ ಆಯುಕ್ತರಿಗಿದೆ, ಅವರಾಗಿಯೇ ಅಥವಾ ಅರ್ಜಿ ಮೇಲೆ. ಪಾಲಕತ್ವದ ಆದೇಶ ಇಲ್ಲದೆ ಕೈಗೆ ದುಡ್ಡು ಬರುವ ಬಾಗಿಲು ಇದು, ಯಾರೂ ತಟ್ಟೋದೇ ಇಲ್ಲ. ಆಮೇಲೆ ಇಡಿಗಂಟಿನಿಂದ ಇದು ಕಳೆಯುತ್ತೆ, ನಷ್ಟವೇನಿಲ್ಲ.

ಬ್ಯಾಂಕ್ ಕೌಂಟರ್
ಆದೇಶ ಬಂದ ಮೇಲಿನ ಕಷ್ಟ ನಮ್ಮ ಕೌಂಟರಿನದು. ಇಡಿಗಂಟನ್ನು ಆಯುಕ್ತರು ಆ ವ್ಯಕ್ತಿಯ ಹಿತಕ್ಕಾಗಿ ಹೂಡಿಕೆ ಮಾಡಿಸುತ್ತಾರೆ, ಸಾಮಾನ್ಯವಾಗಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ. ಆದೇಶದಲ್ಲಿ "ಅರ್ಜಿದಾರರ ಹೆಸರಿನಲ್ಲಿ ಠೇವಣಿ ಇಡತಕ್ಕದ್ದು" ಅಂತ ಇಷ್ಟೇ ಬರೆದಿದ್ದರೆ ಬ್ಯಾಂಕು ಖಾತೆದಾರನ ಸಹಿ ಕೇಳುತ್ತೆ. ಸಹಿ ಇಲ್ಲ, ಬಡ್ಡಿ ಎಫ್‌ಡಿಯಲ್ಲೇ ಕೊಳೆಯುತ್ತೆ, ಹೆಂಡತಿ ಮತ್ತೆ ಕೋರ್ಟಿಗೆ. ಅನಾರೋಗ್ಯದ ಗ್ರಾಹಕರಿಂದ ಸಾಕ್ಷಿಗಳ ಎದುರು ಹೆಬ್ಬೆಟ್ಟು ತೆಗೆದುಕೊಳ್ಳುವ ಪದ್ಧತಿ ತಿಳಿವಳಿಕೆ ಇರುವವರಿಗೆ ಮಾತ್ರ, ಇವರಿಗಲ್ಲ.

ಹಾಗಾಗಿ ಕೋರಿಕೆಯಲ್ಲೇ ಹೀಗೆ ಬರೆಸಿ: "ಠೇವಣಿ ಗಾಯಾಳುವಿನ ಹೆಸರಿನಲ್ಲಿ, ಪಾಲಕಿಯಾಗಿ ಅವರ ಪತ್ನಿ (ಹೆಸರು) ಪ್ರತಿನಿಧಿಸುತ್ತಾರೆ; ಬಡ್ಡಿ ತಿಂಗಳಿಗೊಮ್ಮೆ ಇಂಥ ಉಳಿತಾಯ ಖಾತೆಗೆ; ಆ ಖಾತೆಯನ್ನು ಪತ್ನಿ ಒಬ್ಬರೇ ನಡೆಸಬಹುದು; ಠೇವಣಿಯ ಮೇಲೆ ಸಾಲ ಕೂಡದು; ಅವಧಿಪೂರ್ವ ಹಿಂತೆಗೆತಕ್ಕೆ ನ್ಯಾಯಾಲಯದ ಅನುಮತಿ; ಅವಧಿ ಮುಗಿದಾಗ ಅದೇ ಷರತ್ತಿನ ಮೇಲೆ ನವೀಕರಣ." ಕೊನೆಯ ಸಾಲು ಮರೆತವರೇ ಹೆಚ್ಚು. ಗಾಯಾಳುವಿನ ಪ್ಯಾನ್ ಮೊದಲೇ ಕೊಡಿ, ಇಲ್ಲದಿದ್ದರೆ ಟಿಡಿಎಸ್ 20% ದರದಲ್ಲಿ ಹೋಗುತ್ತೆ.

ಮೊದಲ ಕಂತು ನಗದಾಗಿ ಎಷ್ಟು ಬೇಕೋ ಅದಕ್ಕೂ ಪಟ್ಟಿ ಕೊಡಿ: ಗಾಳಿ ಹಾಸಿಗೆ, ಗಾಲಿಕುರ್ಚಿ, ಕಫ ಎಳೆಯುವ ಯಂತ್ರ, ಬಚ್ಚಲಿನ ಬದಲಾವಣೆ, ಆಸ್ಪತ್ರೆ ಸಾಲ. ಅಂದಾಜು ಪತ್ರ ಲಗತ್ತಿಸಿದ ಅರ್ಜಿಗೂ "ಮನೆ ಖರ್ಚಿಗೆ" ಅಂತ ಬರೆದ ಅರ್ಜಿಗೂ ಆದೇಶದಲ್ಲಿ ಬಹಳ ವ್ಯತ್ಯಾಸ ಬರುತ್ತೆ.

ಹುಬ್ಬಳ್ಳಿ ಕಡತ
ಸಾಲಗಾರರು ಬಂದು ಎಫ್‌ಡಿ ಮ್ಯಾಲೆ ಕಣ್ಣು ಹಾಕಿದ್ರ 9ನೇ ಕಲಮು ತೋರಿಸ್ರಿ. ಪರಿಹಾರದ ದುಡ್ಡು ಜಪ್ತಿ ಆಗಂಗಿಲ್ಲ, ಅಡಾ ಇಡಾಕ ಬರಂಗಿಲ್ಲ.

ಲೆಕ್ಕದ ಪುಟ್ಟಣ್ಣ
ಹೊಸ ಸಂಹಿತೆ ಯಾರೂ ಎತ್ತಲಿಲ್ಲ. 21 ನವೆಂಬರ್ 2025ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದೆ. ಪರಿಹಾರದ ವಿಷಯ ಅದರ 7ನೇ ಅಧ್ಯಾಯದಲ್ಲಿದೆ. ಆಯುಕ್ತರ ಬದಲು ಅಲ್ಲಿ "ಸಕ್ಷಮ ಪ್ರಾಧಿಕಾರ".

ಕೋರ್ಟ್‌ಹಾಲ್ 7
ಸರಿಯಾಗಿ ನೆನಪಿಸಿದ್ರಿ. ಅಪಘಾತದ ತಾರೀಕು ನೋಡಿ. ಹಕ್ಕು ಹುಟ್ಟೋದು ಪೆಟ್ಟು ಬಿದ್ದ ದಿನ, ಪ್ರತಾಪ್ ನಾರಾಯಣ್ ಪ್ರಕರಣ ಅದನ್ನೂ ಹೇಳುತ್ತೆ. ಈ ಕೇಸು ಜೂನ್ 2025ರದ್ದು, ಹಾಗಾಗಿ 1923ರ ಕಾಯ್ದೆಯ ಕಲಮುಗಳನ್ನೇ ಬರೆಯಿರಿ. ನವೆಂಬರ್ 21ರ ನಂತರದ ಅಪಘಾತಕ್ಕೆ ಸಂಹಿತೆಯ ಕಲಮು. ಅಸಮರ್ಥರ ಇಡಿಗಂಟು ಠೇವಣಿಯ ಮೂಲಕವೇ ಅನ್ನೋ ತತ್ವ ಅಲ್ಲೂ ಮುಂದುವರಿದಿದೆ. ಹೊಸದಾಗಿ, ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವೂ ಕೆಲಸಕ್ಕೆ ನಂಟಿದ್ದರೆ ಸೇರುತ್ತೆ.

ಸೆಂಟ್ರಿಂಗ್ ಸಂಘ
ಒಂದು ಕೊನೇದು. ಕಂಟ್ರಾಕ್ಟರ್ ಈಗ "5 ಲಕ್ಷಕ್ಕೆ ಮುಗಿಸೋಣ, ಕೋರ್ಟಲ್ಲೇ ಜಾಯಿಂಟ್ ಮೆಮೊ (ಎರಡೂ ಕಡೆಯವರು ಸಹಿ ಹಾಕಿದ ರಾಜಿ ಪತ್ರ) ಹಾಕೋಣ" ಅಂತಿದ್ದಾನೆ ಅನ್ನಿ. ಹೆಂಡತಿ ಒಪ್ಪಬಹುದಾ?

ಕೋರ್ಟ್‌ಹಾಲ್ 7
ಅವಳೊಬ್ಬಳೇ ಒಪ್ಪಿದರೆ ಆಗಲ್ಲ. 32ನೇ ಆದೇಶದ 7ನೇ ನಿಯಮದ ತತ್ವ: ಅಸಮರ್ಥನ ಪರ ರಾಜಿಗೆ ಕೋರ್ಟಿನ ಅನುಮತಿ ಬೇಕು, ಅದು ಆದೇಶದಲ್ಲಿ ಸ್ಪಷ್ಟವಾಗಿ ದಾಖಲಾಗಬೇಕು, ಈ ರಾಜಿ ಅವನ ಹಿತಕ್ಕಿದೆ ಎಂದು ವಕೀಲರೂ ಪ್ರಮಾಣಪತ್ರ ಕೊಡಬೇಕು. 18,71,820 ಅಸಲು ಮತ್ತು ಬಡ್ಡಿ ಬರಬೇಕಾದ ಕಡೆ 5 ಲಕ್ಷ ಅವನ ಹಿತ ಅಂತ ಯಾವ ವಕೀಲರು ಸಹಿ ಹಾಕ್ತಾರೆ ಕೇಳಿ ನೋಡಿ. ಕೋರಿಕೆಯ ಪುಟದಲ್ಲಿ ಪುಟ್ಟಣ್ಣನವರ ಲೆಕ್ಕವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಮೊದಲ ದಿನವೇ ಹಾಕಿರಿ, ಮೆಮೊ ತರೋ ಮುಂಚೆ ಅವರೂ ಅದನ್ನು ಓದಿರ್ತಾರೆ.